ಎರಡು ವಾರ ರಜೆ ಸಿಕ್ಕರೆ: ಬೂದಿಯ ಕಲ್ಲು, ಬಿಸಿನೀರು ಮತ್ತು ಅವುಗಳ ಮೇಲೆ ಎದ್ದ ಊರುಗಳು

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಎರಡು ವಾರ ರಜೆ ಸಿಕ್ಕಿದೆ, ಕುತೂಹಲ ಹುಟ್ಟಿಸುವ ನಗರವೂ ಬೇಕು, ಬೇರೆಲ್ಲೂ ಕಾಣಸಿಗದ ಪ್ರಕೃತಿಯ ವಿಸ್ಮಯವೂ ಬೇಕು, ಇಬ್ಬರೂ ಸಸ್ಯಾಹಾರಿಗಳು, ಇಷ್ಟು ದೂರದ ಪ್ರವಾಸ ಇದೇ ಮೊದಲು. ನನ್ನ ಉತ್ತರ ಟರ್ಕಿ. ಬೇರೆ ಒಂದೆರಡು ಜಾಗಗಳನ್ನೂ ಕೊನೆಯಲ್ಲಿ ಹೇಳುತ್ತೇನೆ. ಆದರೆ ಹತ್ತು ದೇಶಗಳ ಪಟ್ಟಿ ಕೊಡುವುದಕ್ಕಿಂತ ಒಂದನ್ನು ಸರಿಯಾಗಿ ವಿವರಿಸುವುದೇ ನಿಮಗೆ ಹೆಚ್ಚು ಉಪಯೋಗವಾದೀತು.

ನಾನು ಉಡುಪಿಯ ಕಡೆಯವನು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ಬಾಲ್ಯದಿಂದಲೂ ನೋಡಿದವನು. ಆ ಕಂಬಗಳು ಅದ್ಭುತ, ಆದರೆ ಅಲ್ಲಿ ಮನುಷ್ಯರ ವಾಸವಿಲ್ಲ. ನೋಡಿ, ಸುತ್ತಾಡಿ, ಸಂಜೆಯೊಳಗೆ ಹಿಂತಿರುಗಬೇಕು. ನೋಡಿ ಬರಬಹುದಾದ ಇಂಥ ವಿಸ್ಮಯಗಳಿಗೆ ಜಗತ್ತಿನಲ್ಲಿ ಕೊರತೆಯಿಲ್ಲ. ವಿಸ್ಮಯದ ಮೇಲೆಯೇ, ಕೆಲವೊಮ್ಮೆ ಅದರ ಹೊಟ್ಟೆಯೊಳಗೇ, ಜನ ನೂರಾರು ವರ್ಷ ಬಾಳಿದ ಜಾಗಗಳು ಮಾತ್ರ ಕಡಿಮೆ. ಟರ್ಕಿಯ ಏಷ್ಯಾ ಭಾಗವಾದ ಅನಟೋಲಿಯದ ಮಧ್ಯ ಮತ್ತು ಪಶ್ಚಿಮದಲ್ಲಿ ಅಂಥ ಜಾಗಗಳು ಒಂದು ರಾತ್ರಿಯ ಬಸ್ ಪ್ರಯಾಣದ ಅಂತರದಲ್ಲಿ ಸಿಗುತ್ತವೆ. ನೀವು ಕೇಳಿದ ನಗರ ಮತ್ತು ನಿಸರ್ಗ ಎರಡೂ ಅಲ್ಲಿ ಬೇರೆಬೇರೆಯಾಗಿ ಉಳಿದಿಲ್ಲ.

ಪ್ರವಾಸವನ್ನು ಇಸ್ತಾಂಬುಲ್‌ನಿಂದ ಆರಂಭಿಸಿ, ಅಲ್ಲಿಗೆ ನಾಲ್ಕು ದಿನ ಇಟ್ಟುಕೊಳ್ಳಿ. ಕ್ರಿ.ಶ. 537ರಲ್ಲಿ ಚರ್ಚಾಗಿ ಪೂರ್ಣಗೊಂಡು ಈಗ ಮಸೀದಿಯಾಗಿರುವ ಆಯಾ ಸೋಫಿಯಾವನ್ನು ನೋಡಿರೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಸಮೀಪದಲ್ಲಿಯೇ ನೆಲದಡಿ ಇರುವ ಯೆರೆಬಾತಾನ್ ಜಲಾಶಯವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಮೂರು ಕಡೆ ನೀರಿದ್ದರೂ ಅದೆಲ್ಲ ಉಪ್ಪುನೀರಾದ ಕಾರಣ, ಈ ನಗರ ಕುಡಿಯುವ ನೀರನ್ನು ದೂರದ ಕಾಡಿನಿಂದ ಕಾಲುವೆಗಳ ಮೂಲಕ ತಂದು ನೆಲದೊಳಗೆ ಕೂಡಿಡಬೇಕಾಯಿತು. ಆರನೆಯ ಶತಮಾನದಲ್ಲಿ, ಚಕ್ರವರ್ತಿ ಜಸ್ಟಿನಿಯನ್ ಕಾಲದಲ್ಲಿ ಕಟ್ಟಿದ ಈ ಜಲಾಶಯದ ಚಾವಣಿಯನ್ನು 336 ಕಂಬಗಳು ಹೊತ್ತಿವೆ. ಕಂಬಗಳಲ್ಲಿ ಹಲವು ಹಳೆಯ ಕಟ್ಟಡಗಳಿಂದ ಕಿತ್ತು ತಂದವಾದ್ದರಿಂದ ಒಂದರ ಕೆತ್ತನೆ ಇನ್ನೊಂದಕ್ಕೆ ಹೊಂದುವುದಿಲ್ಲ. ಮೂಲೆಯ ಎರಡು ಕಂಬಗಳ ಕೆಳಗೆ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳ ತಲೆಗಳಿವೆ, ಒಂದು ಅಡ್ಡಲಾಗಿ, ಇನ್ನೊಂದು ತಲೆಕೆಳಗಾಗಿ. ಸಂಜೆ ಎಮಿನೋನುವಿನಿಂದ ಕಾದಿಕೊಯ್‌ಗೆ ಸಾಮಾನ್ಯ ಜನ ಓಡಾಡುವ ಫೆರಿಯಲ್ಲಿ ಹೋಗಿ. ಪ್ರವಾಸಿಗರಿಗೆಂದೇ ಇರುವ ದುಬಾರಿ ದೋಣಿಗಳು ಬೇಕಿಲ್ಲ. ಸಣ್ಣ ಗಾಜಿನ ಲೋಟದ ಚಹಾ ಮುಗಿಯುವಷ್ಟರಲ್ಲಿ ಯುರೋಪಿನ ದಡ ಬಿಟ್ಟು ಏಷ್ಯಾದ ದಡ ಸೇರಿರುತ್ತೀರಿ.

ಅಲ್ಲಿಂದ ಮಧ್ಯ ಟರ್ಕಿಯ ಕಪಡೋಕಿಯಾ ಸೀಮೆಗೆ ಹೋಗಬೇಕು. ಕಾಯ್ಸೇರಿ ಅಥವಾ ನೆವ್ಶೆಹಿರ್‌ವರೆಗೆ ವಿಮಾನವಿದೆ, ಉಳಿದುಕೊಳ್ಳಲು ಗೋರೆಮೆ ಎಂಬ ಚಿಕ್ಕ ಊರು ಅನುಕೂಲ. ಎರ್ಜಿಯಸ್ ಮತ್ತು ಹಸನ್ ಮೊದಲಾದ ಜ್ವಾಲಾಮುಖಿಗಳಿರುವ ಈ ಸೀಮೆಯಲ್ಲಿ ಲಕ್ಷಾಂತರ ವರ್ಷಗಳ ಹಿಂದಿನ ಸ್ಫೋಟಗಳ ಬೂದಿ ಪದರಪದರವಾಗಿ ಬಿದ್ದು ಮೆದುವಾದ ಕಲ್ಲಾಯಿತು. ಕೆಲವೆಡೆ ಅದರ ಮೇಲೆ ಗಟ್ಟಿ ಕಲ್ಲಿನ ಹೊದಿಕೆ ಕೂತಿತು. ಮಳೆ, ಗಾಳಿ, ಹಿಮ ಮೆದು ಕಲ್ಲನ್ನು ಸವೆಸುತ್ತ ಹೋದಾಗ ಗಟ್ಟಿ ಹೊದಿಕೆಯ ನೆರಳಿನಲ್ಲಿದ್ದ ಭಾಗ ಮಾತ್ರ ಉಳಿದುಕೊಂಡು, ತಲೆಯ ಮೇಲೆ ಟೋಪಿ ಇಟ್ಟಂಥ ಕಂಬಗಳಾದವು. ಟರ್ಕಿಯವರು ಇವನ್ನು ಪೆರಿ ಬಾಜಾಸಿ, ಅಂದರೆ ಯಕ್ಷಿಣಿಯರ ಹೊಗೆಗೂಡು ಎಂದು ಕರೆಯುತ್ತಾರೆ. ಕರಾವಳಿಯವನಾದ ನನಗೆ ಈ ಕಲ್ಲನ್ನು ಮುಟ್ಟಿದೊಡನೆ ನೆನಪಾದದ್ದು ನಮ್ಮ ಮುರಕಲ್ಲು. ಅದರಂತೆಯೇ ಇದು ಕಡಿಯುವಾಗ ಮೆದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿ. ನಾವು ಕಲ್ಲನ್ನು ಕಡಿದು ಹೊರತಂದು ಮನೆ ಕಟ್ಟಿದೆವು; ಅವರು ಕಲ್ಲಿನೊಳಕ್ಕೆ ಕೊರೆದುಕೊಂಡು ಹೋಗಿ ಅಲ್ಲಿಯೇ ಮನೆ ಮಾಡಿಕೊಂಡರು.

ಹೀಗೆ ಕೊರೆದವುಗಳಲ್ಲಿ ಮನೆಗಳಷ್ಟೇ ಅಲ್ಲ, ಚರ್ಚುಗಳೂ ಇವೆ. ಗೋರೆಮೆಯ ಬಯಲು ವಸ್ತುಸಂಗ್ರಹಾಲಯದಲ್ಲಿ ‘ಕರಾನ್‌ಲಿಕ್’, ಅಂದರೆ ಕತ್ತಲೆಯ ಚರ್ಚು ಎಂದು ಕರೆಯುವ ಒಂದು ಗುಹೆಯಿದೆ. ಬೆಳಕು ಹೆಚ್ಚು ಬೀಳದ ಕಾರಣಕ್ಕೇ ಅದರ ಗೋಡೆಚಿತ್ರಗಳ ನೀಲಿ ಮತ್ತು ಕೆಂಪು ಇಂದಿಗೂ ಮಾಸಿಲ್ಲ. ಒಳಹೋಗಲು ಬೇರೆ ಟಿಕೆಟ್ ತೆಗೆಯಬೇಕು, ತೆಗೆಯಿರಿ. ಕಣಿವೆಗಳಲ್ಲಿ ನಡೆಯುವಾಗ ಎತ್ತರದ ಬಂಡೆಗಳಲ್ಲಿ ಸಾಲುಸಾಲು ಚಿಕ್ಕ ಕಿಂಡಿಗಳು ಕಾಣುತ್ತವೆ. ಅವು ಪಾರಿವಾಳದ ಗೂಡುಗಳು. ಈ ಬೂದಿಮಣ್ಣಿನ ದ್ರಾಕ್ಷಿ ತೋಟಗಳಿಗೆ ಗೊಬ್ಬರ ಬೇಕಾಗಿತ್ತು. ಹಿಕ್ಕೆ ಸಂಗ್ರಹಿಸುವುದಕ್ಕಾಗಿಯೇ ರೈತರು ಪಾರಿವಾಳಗಳಿಗೆ ಬಂಡೆಯಲ್ಲಿ ಮನೆ ಕೊರೆದುಕೊಟ್ಟರು.

ಆದರೆ ನನ್ನ ಮನಸ್ಸಿನಲ್ಲಿ ಅತ್ಯಂತ ಆಳವಾಗಿ ಉಳಿದದ್ದು ದೆರಿನ್‌ಕುಯು ಎಂಬ ನೆಲದಡಿಯ ಊರು. 1963ರಲ್ಲಿ ಮನೆ ದುರಸ್ತಿ ಮಾಡಿಸುತ್ತಿದ್ದಾಗ ಒಂದು ಗೋಡೆಯ ಹಿಂದೆ ಅದರ ದಾರಿ ತೆರೆದುಕೊಂಡಿತು ಎನ್ನುತ್ತಾರೆ. ಸುಮಾರು 85 ಮೀಟರ್ ಆಳದವರೆಗೆ ಅಂತಸ್ತಿನ ಕೆಳಗೆ ಅಂತಸ್ತಾಗಿ ಇಳಿಯುವ ಈ ಊರಿನಲ್ಲಿ ಕೊಟ್ಟಿಗೆ, ಅಡುಗೆಮನೆ, ದ್ರಾಕ್ಷಾರಸ ಹಿಂಡುವ ತೊಟ್ಟಿ, ಪ್ರಾರ್ಥನಾ ಸ್ಥಳ ಎಲ್ಲವೂ ಇವೆ. ಧಾನ್ಯ ಇಡುವ ಕೋಣೆಗಳನ್ನು ಕಂಡಾಗ ನಮ್ಮ ಉತ್ತರ ಕರ್ನಾಟಕದ ಹಗೇವು ನೆನಪಾಗದೆ ಇರದು. ದಾಳಿಕೋರರು ಬಂದಾಗ ಸುತ್ತಲಿನ ಜನ ದನಕರುಗಳೊಂದಿಗೆ ಇಲ್ಲಿಗೆ ಇಳಿದುಬಿಡುತ್ತಿದ್ದರು. ಇಕ್ಕಟ್ಟಾದ ಓಣಿಯೊಂದರಲ್ಲಿ ಬಗ್ಗಿ ನಡೆಯುತ್ತಿದ್ದಾಗ ಪಕ್ಕದ ಗೂಡಿನಲ್ಲಿ ನನ್ನ ಎದೆಯೆತ್ತರದ ದುಂಡು ಕಲ್ಲೊಂದು ನಿಂತಿತ್ತು, ದೊಡ್ಡ ಬೀಸುವ ಕಲ್ಲಿನಂತೆ, ನಡುವೆ ಮುಷ್ಟಿ ಹಿಡಿಸುವಷ್ಟು ತೂತು. ಅಪಾಯ ಬಂದಾಗ ಅದನ್ನು ಒಳಗಿನಿಂದ ಉರುಳಿಸಿ ದಾರಿ ಮುಚ್ಚುತ್ತಿದ್ದರು. ಹೊರಗಿನವರಿಗೆ ಅದನ್ನು ಕದಲಿಸಲು ಹಿಡಿತವೇ ಸಿಗದು. ಅಂಗೈಯನ್ನು ಕಲ್ಲಿನ ಅಂಚಿನ ಮೇಲೆ ಆಡಿಸಿದೆ. ಉರುಳಿ ಉರುಳಿ ಆ ಅಂಚು ನುಣುಪಾಗಿತ್ತು. ಇನ್ನೂ ಕೆಳಗೆ, ಗಾಳಿಗೆಂದು ಮೇಲಿನವರೆಗೂ ಕೊರೆದ ಬಾವಿಯಂಥ ಕಿಂಡಿಗೆ ಮುಖವೊಡ್ಡಿದಾಗ ಅಷ್ಟು ಆಳದಲ್ಲಿಯೂ ತಣ್ಣನೆಯ ಗಾಳಿ ಬಡಿಯಿತು. ಮೊಣಕಾಲು ನೋವು ಅಥವಾ ಇಕ್ಕಟ್ಟಿನ ಭಯ ಇರುವವರು ಕೆಳಗಿನ ಅಂತಸ್ತುಗಳಿಗೆ ಇಳಿಯುವುದು ಬೇಡ.

ಬಿಸಿಗಾಳಿಯ ಬಲೂನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೂರ್ಯೋದಯದ ಹೊತ್ತಿಗೆ ಅವು ಏಳುವ ದೃಶ್ಯ ನಿಜಕ್ಕೂ ಸುಂದರ. ಆದರೆ ಗಾಳಿ ಅನುಕೂಲವಿಲ್ಲದಿದ್ದರೆ ಅಂದಿನ ಹಾರಾಟವನ್ನೇ ನಿಲ್ಲಿಸುತ್ತಾರೆ. ಆದ್ದರಿಂದ ಗೋರೆಮೆಯಲ್ಲಿ ಕನಿಷ್ಠ ಮೂರು ರಾತ್ರಿ ಇದ್ದು, ಮೊದಲ ಬೆಳಗಿಗೇ ಬುಕ್ ಮಾಡಿಕೊಂಡರೆ ಇನ್ನೆರಡು ಅವಕಾಶ ಉಳಿಯುತ್ತವೆ. ಹಣ ಸಾಲದಿದ್ದರೆ ಕೊರಗಬೇಕಿಲ್ಲ, ಬೆಳಗಿನ ಜಾವ ಗುಡ್ಡ ಹತ್ತಿ ನಿಂತವರಿಗೂ ಆಕಾಶ ತುಂಬ ಬಲೂನುಗಳು ಕಾಣುತ್ತವೆ.

ಗೋರೆಮೆಯಿಂದ ರಾತ್ರಿ ಬಸ್ಸು ಹಿಡಿದರೆ ಬೆಳಗ್ಗೆ ದೆನಿಜ್ಲಿ. ಅಲ್ಲಿಂದ ಸ್ವಲ್ಪವೇ ದೂರ ಪಾಮುಕ್ಕಾಲೆ. ಪಾಮುಕ್ ಎಂದರೆ ಹತ್ತಿ, ಕಾಲೆ ಎಂದರೆ ಕೋಟೆ. ಬಯಲಿನಿಂದ ಸುಮಾರು 200 ಮೀಟರ್ ಎತ್ತರಕ್ಕೆ ಎದ್ದು ನಿಂತ ಬೆಳ್ಳನೆಯ ಗುಡ್ಡ, ಅದರ ಮೈಮೇಲೆ ಮೆಟ್ಟಿಲುಮೆಟ್ಟಿಲಾಗಿ ನೀಲಿ ನೀರಿನ ಬಟ್ಟಲುಗಳು. ಕೊಳವೆಬಾವಿಯ ಗಡಸು ನೀರನ್ನು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಇಲ್ಲಿ ನಡೆದಿರುವುದೂ ಅದೇ. ಸುಣ್ಣದ ಅಂಶ ಕರಗಿಸಿಕೊಂಡು ನೆಲದಾಳದಿಂದ ಬರುವ ಬಿಸಿನೀರು ಹೊರಗೆ ಹರಿಯುತ್ತಿದ್ದಂತೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿಹೋಗುತ್ತದೆ, ಸುಣ್ಣ ಕೆಳಗೆ ಕೂರುತ್ತದೆ. ಮೊದಲು ಗಂಜಿಯಂತೆ ಮೆತ್ತಗಿದ್ದು ಆಮೇಲೆ ಕಲ್ಲಾಗುತ್ತದೆ. ಅದು ಸವೆಯಬಾರದೆಂದು ಚಪ್ಪಲಿ ಕಳಚಿಯೇ ಹತ್ತಬೇಕು. ದೂರದಿಂದ ಹತ್ತಿಯಂತೆ ಕಂಡದ್ದು ಅಂಗಾಲಿಗೆ ತುರಿಮಣೆಯಷ್ಟು ಒರಟು. ಹರಿಯುವ ಉಗುರುಬೆಚ್ಚಗಿನ ನೀರಿನೊಳಗೆ ಕಾಲಿಟ್ಟರೆ ಮಾತ್ರ ಹಿತ.

ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಚಿತ್ರಗಳಲ್ಲಿ ನೋಡಿದಂತೆ ಎಲ್ಲ ಬಟ್ಟಲುಗಳೂ ತುಂಬಿರುವುದಿಲ್ಲ. ಹಿಂದೆ ಗುಡ್ಡದ ನೆತ್ತಿಯ ಮೇಲೆಯೇ ಹೋಟೆಲುಗಳು ಎದ್ದು, ಬಿಸಿನೀರನ್ನೆಲ್ಲ ತಮ್ಮ ಈಜುಕೊಳಗಳಿಗೆ ತಿರುಗಿಸಿಕೊಂಡಿದ್ದವು. ಬಿಳಿಯ ಮೈಮೇಲೆ ವಾಹನದ ರಸ್ತೆಯೂ ಹಾದುಹೋಗಿತ್ತು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ನಂತರದ ವರ್ಷಗಳಲ್ಲಿ ಆ ಹೋಟೆಲುಗಳನ್ನು ಕೆಡವಿ, ರಸ್ತೆ ಮುಚ್ಚಿ, ನೀರನ್ನು ಸರದಿಯ ಮೇಲೆ ಬೇರೆಬೇರೆ ಭಾಗಗಳಿಗೆ ಬಿಡುವ ವ್ಯವಸ್ಥೆ ಮಾಡಿದರು. ಒಣಗಿದ ಬಟ್ಟಲನ್ನು ಕಂಡು ಮೋಸಹೋದೆವೆಂದು ಬೇಸರಿಸುವವರಿದ್ದಾರೆ. ಆ ಒಣಗು ಗುಡ್ಡ ಮತ್ತೆ ಬೆಳ್ಳಗಾಗುವುದಕ್ಕೆ ಬೇಕಾದ ವಿಶ್ರಾಂತಿ ಎಂದು ತಿಳಿದು ಹೋದರೆ ನೋಟವೇ ಬದಲಾಗುತ್ತದೆ.

ಬಹುತೇಕರು ಇಲ್ಲಿಂದಲೇ ಹಿಂತಿರುಗುತ್ತಾರೆ. ನೀವು ಹಾಗೆ ಮಾಡಬೇಡಿ. ಗುಡ್ಡದ ಮೇಲೆ ಹಿಯೆರಾಪೊಲಿಸ್ ಎಂಬ ಪ್ರಾಚೀನ ನಗರ ಮಲಗಿದೆ. ಈ ಬಿಸಿನೀರನ್ನೇ ನಂಬಿ ಬೆಳೆದ ನಗರವದು: ರೋಗಿಗಳು ಸ್ನಾನಕ್ಕೆ ಬರುತ್ತಿದ್ದರು, ಉಣ್ಣೆಗೆ ಬಣ್ಣ ಹಾಕಲು ಈ ನೀರು ಬಲು ಒಳ್ಳೆಯದೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ನೀರು ಮೇಲೆ ಬರುವುದು ನೆಲದ ಬಿರುಕಿನಿಂದ; ಆ ಬಿರುಕೇ ಭೂಕಂಪವನ್ನೂ ತರುತ್ತದೆ. ಕ್ರಿ.ಶ. 60ರ ಭೂಕಂಪದಲ್ಲಿ ಕುಸಿದ ನಗರವನ್ನು ಜನ ಬಿಟ್ಟುಹೋಗಲಿಲ್ಲ, ಮತ್ತೆ ಅದೇ ಜಾಗದಲ್ಲಿ ಕಟ್ಟಿದರು. ಅದೇ ಬಿರುಕಿನ ಮೇಲೆ ಪ್ಲೂಟೋನಿಯನ್ ಎಂಬ ಪಾತಾಳದೇವನ ಗುಹೆಯೂ ಇದೆ. ಅದರ ಬಾಯಿಗೆ ಗುಬ್ಬಚ್ಚಿಗಳನ್ನು ಎಸೆದೆ, ಅವು ಆ ಕ್ಷಣವೇ ಸತ್ತುಬಿದ್ದವು ಎಂದು ಸ್ಟ್ರಾಬೋ ದಾಖಲಿಸಿದ್ದಾನೆ. ಬಲಿಗೆ ತಂದ ಪ್ರಾಣಿಗಳು ಸಾಯುತ್ತಿದ್ದವು, ಅವನ್ನು ಕರೆತಂದ ಪೂಜಾರಿಗಳು ಬದುಕಿ ಹೊರಬರುತ್ತಿದ್ದರು. ಇಂದಿನ ಅಳತೆಗಳು ಇದಕ್ಕೆ ಕಾರಣ ತಿಳಿಸಿವೆ: ಅಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ನೆಲದ ಸಮೀಪ ಕೆರೆಯಂತೆ ನಿಲ್ಲುತ್ತದೆ. ತಗ್ಗಿನಲ್ಲಿರುವ ಪ್ರಾಣಿಯ ಮೂಗು ಅದರೊಳಗೆ ಮುಳುಗುತ್ತದೆ, ನಿಂತ ಮನುಷ್ಯನ ಮೂಗು ಅದರ ಮೇಲಿರುತ್ತದೆ.

ಉತ್ತರದ ಸ್ಮಶಾನದಲ್ಲಿ ಅಮ್ಮಿಯಾನೋಸ್ ಎಂಬಾತನ ಕಲ್ಲಿನ ಶವಪೆಟ್ಟಿಗೆಯಿದೆ; ವಿಚಾರಿಸಿಕೊಂಡು ಹೋಗಿ ನೋಡಿ. ಮುಚ್ಚಳದ ಮೇಲೆ, ನೀರಿನ ಚಕ್ರ ತಿರುಗಿ ಎರಡು ಗರಗಸಗಳು ಕಲ್ಲು ಕೊಯ್ಯುವ ಯಂತ್ರದ ಉಬ್ಬುಚಿತ್ರ ಕೆತ್ತಿದ್ದಾರೆ. ಮೂರನೆಯ ಶತಮಾನದ ಈ ಚಿತ್ರ, ಸುತ್ತುವ ಚಲನೆಯನ್ನು ಹಿಂದೆಮುಂದೆ ಎಳೆಯುವ ಚಲನೆಯನ್ನಾಗಿ ಬದಲಿಸುವ ಯಂತ್ರಕ್ಕೆ ದೊರೆತಿರುವ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಒಂದು. ಕಲ್ಲೂ ನೀರೂ ಸಮೃದ್ಧವಾಗಿದ್ದ ಊರಿನ ಕುಶಲಕರ್ಮಿಯೊಬ್ಬ ತನ್ನ ಕಸುಬನ್ನು ಸಮಾಧಿಯ ಮೇಲೆ ಬರೆಸಿಕೊಂಡ ಬಗೆ ನನ್ನನ್ನು ಬಹಳ ಹೊತ್ತು ಅಲ್ಲಿಯೇ ನಿಲ್ಲಿಸಿತು.

ಉಳಿದ ದಿನಗಳನ್ನು ಸೆಲ್ಚುಕ್ ಊರಿಗೆ ಕೊಟ್ಟು ಎಫೆಸಸ್ ನೋಡಿ, ಇಜ್ಮಿರ್‌ನಿಂದ ಹಿಂತಿರುಗಬಹುದು. ಎಫೆಸಸ್ ಒಂದು ಕಾಲದ ದೊಡ್ಡ ಬಂದರು. ನದಿ ತಂದ ಹೂಳು ತುಂಬಿ ಸಮುದ್ರ ಈಗ ಹಲವು ಕಿಲೋಮೀಟರ್ ದೂರ ಸರಿದಿದೆ.

ಊಟದ ಚಿಂತೆ ಬೇಡ. ಗೋಜ್ಲೆಮೆ ಎಂದರೆ ತೆಳ್ಳನೆಯ ರೊಟ್ಟಿಯೊಳಗೆ ಪಾಲಕ್, ಆಲೂಗಡ್ಡೆ ಅಥವಾ ಚೀಸ್ ಇಟ್ಟು ಕಾವಲಿಯ ಮೇಲೆ ಬೇಯಿಸಿದ್ದು. ಅಯ್ರಾನ್ ಎಂದರೆ ಉಪ್ಪು ಹಾಕಿದ ಮಜ್ಜಿಗೆ. ಕೆಂಪು ತೊಗರಿಯಂಥ ಬೇಳೆಯ ಸೂಪು ಎಲ್ಲೆಡೆ ಸಿಗುತ್ತದೆ, ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರು ಸೇರಿಸುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ಕಾಲ.

ಟರ್ಕಿ ಬೇಡವೆಂದಾದರೆ ನನ್ನ ಎರಡನೆಯ ಆಯ್ಕೆ ಐಸ್‌ಲ್ಯಾಂಡ್. ರಾಜಧಾನಿ ರೇಕ್ಯಾವಿಕ್‌ನ ಮನೆಗಳನ್ನು ನೆಲದೊಳಗಿನ ಬಿಸಿನೀರೇ ಬೆಚ್ಚಗಿಡುತ್ತದೆ. ಅಲ್ಲಿಗೆ ಹೋದವರು ದೋಣಿಯಲ್ಲಿ ಹೇಮೇ ದ್ವೀಪಕ್ಕೂ ಹೋಗಬೇಕು. 1973ರ ಜನವರಿ 23ರ ರಾತ್ರಿ ಆ ಮೀನುಗಾರರ ಊರಿನ ಪಕ್ಕದಲ್ಲಿಯೇ ನೆಲ ಬಿರಿದು ಲಾವಾ ಉಕ್ಕಿತು. ಹಿಂದಿನ ದಿನದ ಬಿರುಗಾಳಿಯಿಂದಾಗಿ ದೋಣಿಗಳೆಲ್ಲ ಬಂದರಿನಲ್ಲಿಯೇ ಇದ್ದುದರಿಂದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಕೆಲವೇ ಗಂಟೆಗಳಲ್ಲಿ ಸಾಗಿಸಲು ಸಾಧ್ಯವಾಯಿತು. ಬಂದರಿನ ಬಾಯಿ ಮುಚ್ಚಲು ಬರುತ್ತಿದ್ದ ಲಾವಾದ ಮೇಲೆ ತಿಂಗಳುಗಟ್ಟಲೆ ಸಮುದ್ರದ ನೀರನ್ನು ಪಂಪು ಮಾಡಿ ಅದನ್ನು ತಡೆದರು. ಜನ ಮರಳಿ ಬಂದು, ಆರದೆ ಉಳಿದಿದ್ದ ಲಾವಾದ ಶಾಖದಿಂದಲೇ ಕೆಲವು ವರ್ಷ ಮನೆಗಳನ್ನು ಬೆಚ್ಚಗೆ ಮಾಡಿಕೊಂಡರು. ಖರ್ಚು ಮಾತ್ರ ಟರ್ಕಿಗಿಂತ ಬಹಳ ಹೆಚ್ಚು.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರಕ್ಕೆ ಹೋಗುವ ಸಂದರ್ಭ ಬಂದರೆ, ಉತ್ತರದ ಕಡಲತೀರದಲ್ಲಿರುವ ಜೈಂಟ್ಸ್ ಕಾಸ್‌ವೇಯ ಸುಮಾರು 40,000 ಕಂಬಗಳನ್ನು ನೋಡಿ. ಲಾವಾ ತಣ್ಣಗಾಗುತ್ತ ಕುಗ್ಗಿದಾಗ, ಒಣಗಿದ ಕೆರೆಯ ಕೆಸರಿನಂತೆ ಬಿರಿದು ಆದ ಕಂಬಗಳವು. ನಮ್ಮ ಮಲ್ಪೆಯ ಕಂಬಗಳು ಆದದ್ದೂ ಹೀಗೆಯೇ, ಅದೂ ಇನ್ನಷ್ಟು ಹಿಂದೆ, ಸುಮಾರು 8.8 ಕೋಟಿ ವರ್ಷಗಳ ಕೆಳಗೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ. ಪಾಸ್‌ಪೋರ್ಟು, ವೀಸಾ ಆಗುವವರೆಗೆ ಹೇಗೂ ಕೆಲವು ವಾರ ಕಾಯಬೇಕಲ್ಲ, ಅಷ್ಟರಲ್ಲಿ ಒಂದು ಭಾನುವಾರ ಇಬ್ಬರೂ ಮಲ್ಪೆಗೆ ಬನ್ನಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ ಎಂಬುದೊಂದು ನೆನಪಿರಲಿ.