ಡಾಂಬರು ರಸ್ತೆ ಮೇಲೆ ಓಡೋ ಚಕ್ರನ ಮಾಡೆಲ್ ಮಾಡೋಕೆ ಫುಲ್ ಡೈನಾಮಿಕ್ ಅನಾಲಿಸಿಸ್ ಬೇಕೇ ಬೇಕಾ?

ಲೇಯರ್ಡ್ ಎಲಾಸ್ಟಿಕ್ ಪ್ರೋಗ್ರಾಮಲ್ಲಿ (ರಸ್ತೆನ ಒಂದರ ಮೇಲೊಂದು ಎಲಾಸ್ಟಿಕ್ ಪದರ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರಲ್ಲಿ) ಚಕ್ರ ನಿಂತಲ್ಲೇ ನಿಂತಿರತ್ತೆ, ರಸ್ತೇಲಿ ಓಡತ್ತೆ, ಹಾಗಾಗಿ ಡೈನಾಮಿಕ್ ಎಫ್‌ಇಎಂಗೇ (ರಸ್ತೆನ ಚಿಕ್ಕ ಚಿಕ್ಕ ಎಲಿಮೆಂಟ್ ಮಾಡಿ, ಇನರ್ಶಿಯಾನೂ ಸೇರಿಸಿ ಲೆಕ್ಕ ಹಾಕೋ ಫೈನೈಟ್ ಎಲಿಮೆಂಟ್ ವಿಧಾನಕ್ಕೇ) ಹೋಗ್ಬೇಕಾ ಅಂತ ಕೇಳಿದೀರ. ಮಾಮೂಲಿ ರಸ್ತೆಗೆ ಬೇಡ ಅಂತೀನಿ ನಾನು. ಗಂಟೆಗೆ 80 ಕಿಮೀ ಅಂದ್ರೆ ಸೆಕೆಂಡಿಗೆ ಸುಮಾರು 22 ಮೀಟರ್, ಕೆಳಗಿರೋ ಮಣ್ಣಲ್ಲಿ ಶಿಯರ್ ವೇವ್ (ಅಡ್ಡಕ್ಕೆ ಅಲುಗಾಡಿಸ್ತಾ ಹೋಗೋ ಕಂಪನದ ಅಲೆ) ಸಾಮಾನ್ಯವಾಗಿ ಸೆಕೆಂಡಿಗೆ 100 ಮೀಟರಿಗಿಂತ ಜೋರಾಗೇ ಹೋಗತ್ತೆ, ಅಂದ್ಮೇಲೆ ಇನರ್ಶಿಯಾದ (ಜಡತ್ವದ) ಪಾಲು ತುಂಬಾ ಕಮ್ಮಿ. ತೀರಾ ಮೆತ್ತಗಿನ ಜೌಗು ಮಣ್ಣಾದ್ರೆ ಮಾತ್ರ ಯೋಚ್ನೆ ಮಾಡಿ. (ಗುಂಡಿ ರಸ್ತೇಲಿ ಲಾರಿ ಎಗರಿ ಲೋಡ್ ಹೆಚ್ಚುಕಮ್ಮಿ ಆಗೋದು ಬೇರೆ ವಿಷ್ಯ, ಅದು ಸಸ್ಪೆನ್ಶನ್ ಲೆಕ್ಕ.)

ನಿಜವಾಗ್ಲೂ ವ್ಯತ್ಯಾಸ ಮಾಡೋದು ಡಾಂಬರಿನ ವಿಸ್ಕೋಎಲಾಸ್ಟಿಕ್ ಗುಣ, ಅಂದ್ರೆ ಲೋಡ್ ಎಷ್ಟು ಹೊತ್ತು ಇರತ್ತೆ ಅನ್ನೋದರ ಮೇಲೆ ಅದರ ಬಿಗಿತ ಬದಲಾಗೋದು. ಟೈರ್ ಊರೋ ಜಾಗ 20 ಸೆಂಮೀ ಉದ್ದ ಅಂತಿಟ್ಕೊಳ್ಳಿ, 80ರಲ್ಲಿ ಮೇಲ್ಗಡೆ ಒಂದು ಪಾಯಿಂಟ್ ಮೇಲೆ ಲೋಡ್ ಇರೋದು ಹೆಚ್ಚುಕಮ್ಮಿ 0.009 ಸೆಕೆಂಡ್, ಅದೇ ಗಾಡಿ ಸಿಗ್ನಲ್ ಹತ್ರ 5 ಕಿಮೀ ಸ್ಪೀಡಲ್ಲಿ ತೆವಳಿದ್ರೆ 0.14 ಸೆಕೆಂಡ್, ಆಳಕ್ಕೆ ಹೋದಷ್ಟೂ ಪಲ್ಸ್ ಇನ್ನೂ ಅಗಲ ಆಗತ್ತೆ. ಲೋಡ್ ಜಾಸ್ತಿ ಹೊತ್ತು ಕೂತಷ್ಟೂ ಅದೇ ಮಿಕ್ಸ್ ಮೆತ್ತಗಾದ ಹಾಗೆ ವರ್ತಿಸತ್ತೆ, ಬಿಸಿಲಿದ್ರಂತೂ ಕೇಳ್ಲೇಬೇಡಿ, ಬಸ್‌ಸ್ಟಾಪ್ ಸಿಗ್ನಲ್ ಹತ್ರ ಚಕ್ರದ ಜಾಡು ಬೀಳೋದು ಇದಕ್ಕೇನೆ.

ಇನ್ನೊಂದು, ಡಾಂಬರು ಪದರದ ತಳದಲ್ಲಿ ಸ್ಟ್ರೇನ್ ಗೇಜ್ (ಹಿಗ್ಗು-ಕುಗ್ಗು ಅಳೆಯೋ ಸಾಧನ) ಹಾಕಿ ಅಳೆದಾಗ ಗಾಡಿ ಹೋಗೋ ದಿಕ್ಕಿನ ಸ್ಟ್ರೇನು ಮೊದಲು ಕಂಪ್ರೆಶನ್, ಚಕ್ರ ಮೇಲೆ ಬಂದಾಗ ಟೆನ್ಶನ್, ಆಮೇಲೆ ಮತ್ತೆ ಕಂಪ್ರೆಶನ್ ಆಗತ್ತೆ, ಆದ್ರೆ ಅಡ್ಡ ದಿಕ್ಕಿಂದು ಚಕ್ರದ ಕೆಳಗೆ ಬರೀ ಟೆನ್ಶನ್ನೇ, ಅದು ನಿಧಾನಕ್ಕೆ ಇಳಿಯೋದ್ರಿಂದ ಹಿಂದಿನ ಆಕ್ಸಲ್ ಬರೋಷ್ಟ್ರಲ್ಲಿ ಸ್ವಲ್ಪ ಉಳ್ಕೊಂಡಿರತ್ತೆ. ಎಲಾಸ್ಟಿಕ್ ಮಾಡೆಲಲ್ಲಿ ಕರ್ವ್ ಎರಡೂ ಕಡೆ ಒಂದೇ ಥರ ಬರತ್ತೆ, ಈ ಬಾಲ ಕಾಣೋದೇ ಇಲ್ಲ.

ಹಾಗಾಗಿ ಕ್ವಾಸಿ-ಸ್ಟ್ಯಾಟಿಕ್ (ಲೋಡ್ ಜರುಗತ್ತೆ, ಇನರ್ಶಿಯಾ ಲೆಕ್ಕಕ್ಕಿಲ್ಲ) ಇಟ್ಕೊಂಡು ಡಾಂಬರಿಗೆ ಪ್ರೋನಿ ಸೀರೀಸ್ (ಟೈಮ್ ಹೋದಷ್ಟೂ ಬಿಗಿತ ಹೇಗೆ ಇಳಿಯತ್ತೆ ಅಂತ ಹೇಳೋ ಎಕ್ಸ್‌ಪೊನೆನ್ಶಿಯಲ್ ಟರ್ಮ್‌ಗಳ ಮೊತ್ತ) ಕೊಡಿ, ಡೈನಾಮಿಕ್ ಮಾಡ್ಯುಲಸ್ (ಬಿಗಿತದ) ಟೆಸ್ಟಿನ ಮಾಸ್ಟರ್ ಕರ್ವಿಂದ (ಬೇರೆ ಬೇರೆ ಟೆಂಪರೇಚರಿನ ರೀಡಿಂಗ್‌ನ ಒಂದೇ ಗೆರೆಗೆ ಸೇರಿಸಿದ್ದರಿಂದ) ತೆಗೀಬಹುದು, ಟೈಮ್ ಹತ್ತು ಪಟ್ಟು ಹೆಚ್ಚಾದಾಗೊಂದು ಟರ್ಮ್ ಇದ್ರೆ ಸಾಕು, ಆದ್ರೆ ನಿಮ್ಮ ಲೋಡಿಂಗ್ ಟೈಮೂ ರಿಕವರಿ ಟೈಮೂ ಎರಡೂ ಆ ಟರ್ಮ್‌ಗಳ ಟೈಮ್ ವ್ಯಾಪ್ತಿಯೊಳಗೆ ಬರ್ಬೇಕು. ಲೋಡನ್ನ ಒಂದೊಂದು ಸ್ಟೆಪ್ಪಿಗೆ ಒಂದೊಂದು ಎಲಿಮೆಂಟ್ ಮುಂದಕ್ಕೆ ತಳ್ಳಿ, 2 ಸೆಂಮೀ ಎಲಿಮೆಂಟು, ಸೆಕೆಂಡಿಗೆ 20 ಮೀಟರ್ ಸ್ಪೀಡ್ ಆದ್ರೆ ಸ್ಟೆಪ್ 0.001 ಸೆಕೆಂಡ್. ನೀವು ರೀಡಿಂಗ್ ತಗೊಳ್ಳೋ ಪಾಯಿಂಟಿಗಿಂತ ಸಾಕಷ್ಟು ಹಿಂದಿಂದ್ಲೇ ಚಕ್ರ ಹೊರಡಿಸಿ, ನೇರ ತಂದು ಅದರ ತಲೆ ಮೇಲೆ ಇಡ್ಬೇಡಿ.

ಇಷ್ಟೆಲ್ಲಾ ಬೇಡ, ಎಲಾಸ್ಟಿಕ್ ಪ್ರೋಗ್ರಾಮಲ್ಲೇ ಮುಗಿಸ್ತೀನಿ ಅಂದ್ರೆ ಲೋಡಿಂಗ್ ಟೈಮಿಗೆ ತಕ್ಕ ಮಾಡ್ಯುಲಸ್ ಹಾಕಿ. ಇಲ್ಲೊಂದು ಹಳೇ ಜಗಳ ಇದೆ, ಟೈಮಿಂದ ಫ್ರೀಕ್ವೆನ್ಸಿಗೆ ಹೋಗೋವಾಗ ಕೆಲವ್ರು 1/t ಅಂತಾರೆ, ಕೆಲವ್ರು 1/2πt ಅಂತಾರೆ, ಆರು ಪಟ್ಟಿಗಿಂತ ಜಾಸ್ತಿ ಫರಕು! ಯಾವ್ದು ತಗೊಂಡ್ರಿ ಅಂತ ರಿಪೋರ್ಟಲ್ಲಿ ಬರೀದೇ ಇದ್ರೆ ಆ ನಂಬರ್ ನಾನಂತೂ ನಂಬಲ್ಲ.

ಎಫ್‌ಇಎಂ ಮಾಡಿದ್ರೂ ಮೊದಲು ಎಲ್ಲಾ ಪದರನೂ ಎಲಾಸ್ಟಿಕ್ ಮಾಡಿ ನಿಂತ ಲೋಡಿಗೆ ರನ್ ಮಾಡಿ, ಬರ್ಮಿಸ್ಟರ್ ಅನ್ನೋ ಇಂಜಿನಿಯರ್ 1940ರ ದಶಕದಲ್ಲಿ ಶುರು ಮಾಡಿದ ಲೇಯರ್ಡ್ ಥಿಯರಿಯ ಉತ್ತರದ ಜೊತೆ ತಾಳೆ ನೋಡಿ. ಅದು ಸರಿ ಬಂದು, ಫೀಲ್ಡ್ ರೀಡಿಂಗ್ ಜೊತೆ ಮಾತ್ರ ಕೂಡ್ತಿಲ್ಲ ಅಂದ್ರೆ ಡೈನಾಮಿಕ್ಸ್ ಕಡೆ ಓಡೋಕ್ ಮುಂಚೆ ಪದರಗಳ ಮಧ್ಯದ ಬಾಂಡ್ ನೋಡಿ, ಫುಲ್ ಬಾಂಡ್ ಬದಲು ಜಾರೋ ಹಾಗೆ ಕೊಟ್ರೆ ತಳದ ಸ್ಟ್ರೇನ್ ಪೂರ್ತಿ ಬದಲಾಗತ್ತೆ.