ಎನ್‌ಬಿಎ ತಂಡವನ್ನು ಹೊಸದಾಗಿ ಕಟ್ಟುವಾಗ ಕಾಯಬೇಕೋ, ಟ್ರೇಡ್ ಮಾಡಬೇಕೋ?

ನಿಮ್ಮ ಪ್ರಶ್ನೆ ಇದು: ಸೋಲುತ್ತಲೇ ಇರುವ ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ತಂಡ ಎಳೆಯ ಆಟಗಾರರು ಬೆಳೆಯುವವರೆಗೆ ಕಾಯಬೇಕೋ, ಡ್ರಾಫ್ಟ್ ಪಿಕ್ (ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಹಕ್ಕು; ಹೆಚ್ಚು ಸೋತ ತಂಡಕ್ಕೆ ಮುಂಚಿನ ಸರದಿ) ಕೊಟ್ಟು ಈಗಲೇ ಸ್ಟಾರ್ ಆಟಗಾರನನ್ನು ತರಬೇಕೋ? ನನ್ನ ಮಟ್ಟಿಗೆ ಎರಡೂ ಬೇಕು, ಆದರೆ ಯಾವುದು ಮೊದಲು ಎಂಬುದು ತಪ್ಪಬಾರದು. ತಂಡದ ನಂಬರ್ ಒನ್ ಆಟಗಾರ ಯಾರೆಂದು ಖಚಿತವಾಗುವ ಮುನ್ನ ಸ್ವಂತ ಪಿಕ್ ಮಾರಬಾರದು. ಖಚಿತವಾದ ಮೇಲೆ ಕೈಕಟ್ಟಿ ಕೂರಲೂಬಾರದು.

ಆತುರದ ಬೆಲೆ ಏನೆಂದು ತಿಳಿಯಲು ಬ್ರೂಕ್ಲಿನ್ ನೆಟ್ಸ್ ನೋಡಿ. 2013ರಲ್ಲಿ ವಯಸ್ಸಾಗಿದ್ದ ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್‌ಗಾಗಿ ಬಾಸ್ಟನ್‌ಗೆ 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳನ್ನೂ 2017ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟರು. ಒಂದು ವರ್ಷ ಬಿಟ್ಟು ಒಂದು ವರ್ಷ ಏಕೆಂದರೆ, ಮುಂದೆ ಬರುವ ಯಾವುದೇ ಎರಡು ಸತತ ವರ್ಷಗಳಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಟ್ರೇಡ್ ಮಾಡಲು ನಿಯಮ ಬಿಡುವುದಿಲ್ಲ. ನಡುವಿನ ವರ್ಷವನ್ನು ಅದಲುಬದಲು ಹಕ್ಕಿನಿಂದ ತುಂಬುತ್ತಾರೆ. ‘ಮೊದಲ ನಾಲ್ಕರೊಳಗೆ ಬಂದರೆ ನಮಗೇ’ ಎಂಬಂಥ ರಕ್ಷಣೆ ಆ ಪಿಕ್‌ಗಳಿಗೆ ಇರಲಿಲ್ಲ. ನೆಟ್ಸ್ 2015–16ರಲ್ಲಿ 21, ಮರುವರ್ಷ 20 ಪಂದ್ಯ ಮಾತ್ರ ಗೆದ್ದರು. ಆ ಸೋಲಿನ ಫಲ ಬಾಸ್ಟನ್‌ಗೆ ಜೇಲೆನ್ ಬ್ರೌನ್ ಮತ್ತು ಜೇಸನ್ ಟೇಟಮ್ ಆಗಿ ದಕ್ಕಿ, 2024ರ ಪ್ರಶಸ್ತಿಯವರೆಗೆ ಬಂತು.

ಹಾಗೆಂದು ‘ತಾಳಿದವನು ಬಾಳಿಯಾನು’ ಎಂದು ಸುಮ್ಮನಿದ್ದರೂ ಆಗದು. ಫಿಲಡೆಲ್ಫಿಯಾ 2013ರಿಂದ ಮೂರು ಋತುಗಳಲ್ಲಿ ಒಟ್ಟು 47 ಪಂದ್ಯ ಗೆದ್ದಿತು. ನೋಯೆಲ್, ಎಂಬೀಡ್, ಒಕಾಫೋರ್ ಎಂದು ಮೂವರು ಸೆಂಟರ್‌ಗಳನ್ನು ಕೂಡಿಹಾಕಿತು. ಮೂವರೂ ಆಡಬೇಕಾದ್ದು ಒಂದೇ ಜಾಗದಲ್ಲಿ. ಇಷ್ಟು ಕಾದ ತಂಡವೇ 2017ರಲ್ಲಿ ಬಾಸ್ಟನ್‌ಗೆ ಮೂರನೇ ಪಿಕ್ ಜೊತೆಗೆ ಮುಂದಿನದೊಂದು ಪಿಕ್ ಕೊಟ್ಟು, ನೆಟ್ಸ್‌ನಿಂದ ಬಾಸ್ಟನ್‌ಗೆ ಬಂದಿದ್ದ ಮೊದಲ ಸ್ಥಾನಕ್ಕೇರಿ ಮಾರ್ಕೆಲ್ ಫುಲ್ಟ್ಸ್‌ನನ್ನು ಆರಿಸಿತು. ಆ ಮೂರನೇ ಪಿಕ್ಕೇ ಟೇಟಮ್. ಬೇಕೆಂದು ಸೋಲುವುದೂ ಈಗ ಅಷ್ಟು ಲಾಭವಲ್ಲ: 2019ರ ಲಾಟರಿ (ಡ್ರಾಫ್ಟ್‌ನ ಮೊದಲ ಸ್ಥಾನಗಳನ್ನು ಚೀಟಿ ಎತ್ತಿದಂತೆ ಹಂಚುವ) ನಿಯಮದಲ್ಲಿ ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್‌ನ ಸಾಧ್ಯತೆ ತಲಾ 14%, ಕಟ್ಟಕಡೆಯ ತಂಡ ಐದನೇ ಸ್ಥಾನಕ್ಕೆ ಜಾರುವ ಸಾಧ್ಯತೆ ಸುಮಾರು 48%.

ಸರಿಯಾಗಿ ಮಾಡಿದ್ದು ಒಕ್ಲಹೋಮ ಸಿಟಿ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಶೇ ಗಿಲ್ಜಸ್-ಅಲೆಕ್ಸಾಂಡರ್ ಮತ್ತು ಐದು ಮೊದಲ ಸುತ್ತಿನ ಪಿಕ್ ಪಡೆದರು. ಅದರಲ್ಲೊಂದು 2022ರಲ್ಲಿ 12ನೆಯದಾಗಿ ಬಂದು ಜೇಲೆನ್ ವಿಲಿಯಮ್ಸ್ ಸಿಕ್ಕ. ಅದೇ ವರ್ಷ ತಮ್ಮದೇ ಎರಡನೇ ಪಿಕ್‌ನಲ್ಲಿ ಚೆಟ್ ಹೋಮ್‌ಗ್ರೆನ್. ಗೆಲುವು 24, 40, 57 ಎಂದು ಏರಿತು. 2024ರ ಪ್ಲೇಆಫ್‌ನಲ್ಲಿ ಡಲ್ಲಾಸ್ ಎದುರು ಸೋತಾಗ ಕೊರತೆ ಎದ್ದು ಕಂಡಿತು: ಎದುರಾಳಿಗಳು ಜಾಶ್ ಗಿಡ್ಡಿಯ ದೂರದ ಎಸೆತಕ್ಕೆ ಹೆದರದೆ ಅವನನ್ನು ಅಡ್ಡಗಟ್ಟದೆ ಬಿಡುತ್ತಿದ್ದರು, ರೀಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡು ಹಿಡಿಯುವುದು) ಸಾಲುತ್ತಿರಲಿಲ್ಲ. ಆ ಬೇಸಿಗೆಯಲ್ಲೇ ಗಿಡ್ಡಿಯನ್ನು ಕೊಟ್ಟು ಅಲೆಕ್ಸ್ ಕರೂಸೊನನ್ನು ತಂದರು, ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟು ಹಾರ್ಟೆನ್‌ಸ್ಟೈನ್‌ನನ್ನು ಸೇರಿಸಿಕೊಂಡರು. ಪಿಕ್ ಒಂದೂ ಖರ್ಚಾಗಲಿಲ್ಲ. ಮರುವರ್ಷ 68 ಗೆಲುವು, ಪ್ರಶಸ್ತಿ.

ನಿಮ್ಮ ತಂಡಕ್ಕೆ ಕಾಲ ಬಂದಿದೆಯೇ ಎಂದು ತಿಳಿಯಲು ಸಂಬಳದ ಪಟ್ಟಿ ತೆರೆಯಿರಿ. ಮೊದಲ ಸುತ್ತಿನಲ್ಲಿ ಬಂದ ಹೊಸಬರ (ರೂಕಿ) ಒಪ್ಪಂದ ನಾಲ್ಕು ವರ್ಷದ್ದು; ದೊಡ್ಡ ಸಂಬಳ ಐದನೇ ವರ್ಷದಿಂದ. ಎರಡನೆಯ, ಮೂರನೆಯ ಉತ್ತಮ ಆಟಗಾರರು ಇನ್ನೂ ಎರಡನೇ ವರ್ಷ ಮುಗಿಸುತ್ತಿದ್ದರೆ, ಮುಂದಿನ ಎರಡು ಋತುಗಳಲ್ಲೇ ಕೊರತೆ ತುಂಬಬೇಕು. ಆಮೇಲೆ ತಂಡದ ಒಟ್ಟು ಸಂಬಳ ಎರಡನೇ ಏಪ್ರನ್ ಎಂಬ ಲೀಗ್‌ನ ಮೇಲ್ಮಿತಿ ದಾಟಿದರೆ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವ ದಾರಿ ಮುಚ್ಚುತ್ತದೆ. ಫೀನಿಕ್ಸ್‌ನಲ್ಲಿ ನಂಬರ್ ಒನ್ ಆಟಗಾರನಾಗಿ ಬೂಕರ್ ಇದ್ದ. ಆದರೂ ಡುರಾಂಟ್‌ಗಾಗಿ ನಾಲ್ಕು ಪಿಕ್ ಕೊಟ್ಟು, ಬೀಲ್‌ನನ್ನೂ ತಂದು ಈ ಮಿತಿ ದಾಟಿದ ತಂಡ 2024–25ರಲ್ಲಿ 36 ಗೆದ್ದು 46 ಸೋತಿತು, ಪ್ಲೇಆಫ್ ಕೂಡ ತಲುಪಲಿಲ್ಲ.