ಓದುಗರ ಪ್ರಶ್ನೆ: ಆಲ್‌ಫ್ರೆಡ್ ಹಿಲ್ ಕ್ವಾರ್ಟೆಟ್‌ಗಳನ್ನು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸಂಯೋಜಕ ಹಿಲ್ ಅವರ 17 ಸ್ಟ್ರಿಂಗ್ ಕ್ವಾರ್ಟೆಟ್‌ಗಳಲ್ಲಿ (ಎರಡು ವಯೋಲಿನ್, ಒಂದು ವಿಯೋಲಾ, ಒಂದು ಚೆಲ್ಲೊಗಾಗಿ ಬರೆದ ಕೃತಿಗಳು) ಮೊದಲು ಯಾವುದನ್ನು ಕೇಳಬೇಕು? ಮೊಬೈಲ್‌ನಲ್ಲಿ ಕೇಳಿದರೆ ಎಲ್ಲ ಒಂದೇ ಥರ ಅನಿಸುತ್ತದೆ.

ಉತ್ತರ: ಎರಡನೆಯದರಿಂದ ಶುರು ಮಾಡಿ. ಜಿ ಮೈನರ್ ಸ್ವರಶ್ರೇಣಿಯಲ್ಲಿರುವ ಈ ಕೃತಿ ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿ ಜನರ ಒಂದು ಐತಿಹ್ಯವನ್ನು ನಾಲ್ಕು ದೃಶ್ಯಗಳಲ್ಲಿ ಹೇಳುತ್ತದೆ. ಕಥೆಯ ಆಸರೆ ಇರುವುದರಿಂದ ಹೊಸಬರಿಗೆ ದಾರಿ ತಪ್ಪುವುದಿಲ್ಲ. ಆಮೇಲೆ ಮೂರನೆಯದು, ‘ಕಾರ್ನಿವಲ್’. ಇದನ್ನೇ ಹಿಲ್ ಮುಂದೆ ತಮ್ಮ ಐದನೇ ಸಿಂಫನಿಯಾಗಿ (ಆರ್ಕೆಸ್ಟ್ರಾ ಎಂಬ ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) ವಿಸ್ತರಿಸಿದರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ನಾಲ್ಕೇ ವಾದ್ಯಗಳಲ್ಲಿ ಹೆಣೆದಿದ್ದನ್ನು ಇಡೀ ಆರ್ಕೆಸ್ಟ್ರಾಕ್ಕೆ ಹೇಗೆ ಹಂಚಿದ್ದಾರೆಂಬುದು ತಿಳಿಯುತ್ತದೆ. ನಮಗಂತೂ ಕ್ವಾರ್ಟೆಟ್ ರೂಪವೇ ಹೆಚ್ಚು ಇಷ್ಟ.

1869ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿ, ನ್ಯೂಜಿಲೆಂಡ್‌ನಲ್ಲಿ ಬೆಳೆದ ಹಿಲ್ ಕಲಿತದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಅಲ್ಲಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದಲ್ಲಿ ವಯೋಲಿನ್ ನುಡಿಸಿದರು. ಅಲ್ಲಿ ಮೈಗೂಡಿದ, 19ನೇ ಶತಮಾನದ ಭಾವಪ್ರಧಾನ ರೊಮ್ಯಾಂಟಿಕ್ ಶೈಲಿಯನ್ನು 1960ರಲ್ಲಿ ತೀರಿಕೊಳ್ಳುವವರೆಗೂ ಅವರು ಕೈಬಿಡಲಿಲ್ಲ. ಹಾಗಾಗಿ ಇಸವಿ ನೋಡಿ ಆಧುನಿಕ ಕರ್ಕಶತೆಯನ್ನು ನಿರೀಕ್ಷಿಸಬೇಡಿ.

ಎಲ್ಲ ಒಂದೇ ಥರ ಅನಿಸಲು ಮೊಬೈಲ್ ಸ್ಪೀಕರೂ ಕಾರಣ. ಚೆಲ್ಲೊದ ಅತಿ ಕೆಳಗಿನ ತಂತಿ ಸುಮಾರು 65 ಹರ್ಟ್ಸ್‌ನದು. ಅಷ್ಟು ಮಂದ್ರವನ್ನು ಪುಟ್ಟ ಸ್ಪೀಕರ್ ಹೊರಡಿಸಲಾರದು. ಆಧಾರವೇ ಕಳಚಿ, ಮೊದಲ ವಯೋಲಿನ್ ಮಾತ್ರ ಮೇಲೆ ತೇಲುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ. ಮೊದಲ ಸಲ ಮೇಲಿನ ರಾಗ ಕೇಳಿ, ಎರಡನೇ ಸಲ ಚೆಲ್ಲೊವನ್ನಷ್ಟೇ ಹಿಂಬಾಲಿಸಿ, ಮೂರನೇ ಸಲ ವಯೋಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾವನ್ನು. ವಿಯೋಲಾ ಹಿಡಿಯುವುದು ಕಷ್ಟ, ಆದರೆ ಸ್ವರಮೇಳದ ಬಣ್ಣ ಬದಲಾಗುವುದು ಹೆಚ್ಚಾಗಿ ಆ ನಡುದನಿಗಳಲ್ಲೇ.

ನ್ಯೂಜಿಲೆಂಡ್‌ನ ಡೊಮಿನಿಯನ್ ಕ್ವಾರ್ಟೆಟ್ ಎಂಬ ವಾದಕರ ತಂಡ ನುಡಿಸಿದ 17 ಕೃತಿಗಳೂ ನ್ಯಾಕ್ಸೊಸ್ ಸಂಸ್ಥೆಯ ಧ್ವನಿಮುದ್ರಣದಲ್ಲಿ ಸಿಗುತ್ತವೆ.